ಒಂದೇ ಕಾರು ಎಂಬ ಸುಳ್ಳು

ಫಾರ್ಮುಲಾ ಒನ್ ರೇಸು ನೋಡುವವರ ನಡುವೆ ಒಂದು ಮಾತು ಶಾಸನದ ಹಾಗೆ ಚಲಾವಣೆಯಲ್ಲಿದೆ. ‘ಬೇರೆ ಬೇರೆ ತಂಡದ ಚಾಲಕರನ್ನು ಹೋಲಿಸಬೇಡಿ, ಅವರ ಕಾರುಗಳೇ ಬೇರೆ. ಒಂದೇ ತಂಡದ ಇಬ್ಬರನ್ನು ಹೋಲಿಸಿ ನೋಡಿ. ಅಲ್ಲಿ ಕಾರು ಒಂದೇ. ಮುಂದೆ ಬಂದವನು ದೊಡ್ಡವನು, ಹಿಂದೆ ಬಿದ್ದವನು ಸಣ್ಣವನು. ನೆಪ ಹೇಳಲು ಜಾಗವೇ ಇಲ್ಲ.’ ಕೇಳುವುದಕ್ಕೆ ಎಷ್ಟು ನ್ಯಾಯವಾಗಿದೆ! ಭಾನುವಾರ ರಾತ್ರಿ ರೇಸು ಮುಗಿದು ಅರ್ಧ ಗಂಟೆಯೊಳಗೆ ನನ್ನ ಫೋನಿಗೆ ಇಂಥ ತೀರ್ಪುಗಳು ಬಂದು ಬೀಳುತ್ತವೆ. ಇವನು ಅವನನ್ನು ಇಷ್ಟು ಸಲ ಸೋಲಿಸಿದ, ಅವನ ಕಥೆ ಮುಗಿಯಿತು, ಅವನಿಗೆ ಸೀಟು ಕೊಟ್ಟದ್ದೇ ತಪ್ಪು. ತೀರ್ಪು ಕೊಡುವವರಲ್ಲಿ ಬಹುಪಾಲು ಓದಿಕೊಂಡವರು. ಒಂದು ಕವಿತೆಯನ್ನು ಸಂದರ್ಭ ಬಿಟ್ಟು ಓದಬಾರದು ಎಂದು ಪಾಠ ಮಾಡುವವರೂ ಅದರಲ್ಲಿದ್ದಾರೆ. ರೇಸಿನ ಪಟ್ಟಿಯನ್ನು ಮಾತ್ರ ಅವರು ಸಂದರ್ಭ ಬಿಟ್ಟೇ ಓದುತ್ತಾರೆ. ನನ್ನ ಜಗಳ ಇರುವುದು ಈ ಓದಿನ ಜೊತೆ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಫಾರ್ಮುಲಾ ಒನ್‌ನಲ್ಲಿ ಪ್ರತಿ ತಂಡವೂ ತನ್ನ ಕಾರನ್ನು ತಾನೇ ವಿನ್ಯಾಸ ಮಾಡಿಕೊಳ್ಳುತ್ತದೆ. ಆದ್ದರಿಂದ ಒಂದು ತಂಡದ ಕಾರಿನ ವೇಗ ಇನ್ನೊಂದಕ್ಕೆ ಇರುವುದಿಲ್ಲ. ಪ್ರತಿ ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. ಶನಿವಾರ ಅರ್ಹತಾ ಸುತ್ತು. ಅದರಲ್ಲಿ ಎಲ್ಲರಿಗಿಂತ ವೇಗವಾಗಿ ಒಂದು ಸುತ್ತು ಹೊಡೆದವನು ಭಾನುವಾರದ ರೇಸಿನಲ್ಲಿ ಮೊದಲ ಸ್ಥಾನದಲ್ಲಿ ನಿಲ್ಲುತ್ತಾನೆ. ಅದಕ್ಕೆ ಪೋಲ್ ಎನ್ನುತ್ತಾರೆ. ವರ್ಷದ ಕೊನೆಗೆ ಎರಡು ಪ್ರಶಸ್ತಿ. ಹೆಚ್ಚು ಪಾಯಿಂಟು ಗಳಿಸಿದ ಚಾಲಕನಿಗೆ ಒಂದು, ಇಬ್ಬರದ್ದನ್ನೂ ಕೂಡಿಸಿದಾಗ ಮುಂದಿರುವ ತಂಡಕ್ಕೆ ಇನ್ನೊಂದು. ಜೊತೆಗಾರರಿಬ್ಬರೂ ಒಂದೇ ನೊಗ ಹೊತ್ತ ಜೋಡೆತ್ತು, ಆದರೆ ಒಂದು ಇನ್ನೊಂದನ್ನು ಹಿಂದೆ ಹಾಕದಿದ್ದರೆ ಅದಕ್ಕೆ ಮುಂದಿನ ವರ್ಷ ಮೇವಿಲ್ಲ.

ನಾನು ಹೇಳುವುದು ಇಷ್ಟೇ: ಜೊತೆಗಾರರ ನಡುವಿನ ಪಟ್ಟಿ ಅಳೆಯುವುದು ಮನುಷ್ಯನನ್ನಲ್ಲ. ಒಂದು ವರ್ಷ, ಒಂದು ಕಾರು, ಒಂದು ತಂಡದ ತೀರ್ಮಾನಗಳು, ಅವುಗಳ ಜೊತೆ ಒಬ್ಬ ಚಾಲಕನಿಗೆ ಬಿದ್ದ ಹೊಂದಾಣಿಕೆ, ಇಷ್ಟನ್ನು ಅದು ಅಳೆಯುತ್ತದೆ. ಅದನ್ನು ಪ್ರತಿಭೆಯ ತೂಕವೆಂದು ಮಾರುವುದು ಮೋಸ.

ಮೊದಲಿಗೆ ಪಟ್ಟಿಯನ್ನೇ ತೆಗೆದುಕೊಳ್ಳೋಣ. 2010ರಿಂದ 2012ರವರೆಗೆ ಮೆಕ್ಲಾರೆನ್ ತಂಡದಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮತ್ತು ಜೆನ್ಸನ್ ಬಟನ್ ಜೊತೆಗಾರರು. ಇಬ್ಬರೂ ಬ್ರಿಟಿಷರು. ಒಬ್ಬ 2008ರ ಚಾಂಪಿಯನ್, ಇನ್ನೊಬ್ಬ 2009ರ ಚಾಂಪಿಯನ್. ಮೂರು ವರ್ಷದ ಪಾಯಿಂಟು ಕೂಡಿಸಿದರೆ ಬಟನ್ 672, ಹ್ಯಾಮಿಲ್ಟನ್ 657. ಹಾಗಾದರೆ ಬಟನ್ ಮೇಲು. ವರ್ಷ ವರ್ಷ ಬಿಡಿಸಿ ನೋಡಿದರೆ 2010ರಲ್ಲಿ ಹ್ಯಾಮಿಲ್ಟನ್ 240, ಬಟನ್ 214. 2011ರಲ್ಲಿ ಬಟನ್ 270, ಹ್ಯಾಮಿಲ್ಟನ್ 227. 2012ರಲ್ಲಿ ಹ್ಯಾಮಿಲ್ಟನ್ 190, ಬಟನ್ 188. ಮೂರರಲ್ಲಿ ಎರಡು ಹ್ಯಾಮಿಲ್ಟನ್‌ಗೆ. ಹಾಗಾದರೆ ಹ್ಯಾಮಿಲ್ಟನ್ ಮೇಲು. ಗೆದ್ದ ರೇಸುಗಳನ್ನು ಎಣಿಸಿದರೆ ಹ್ಯಾಮಿಲ್ಟನ್ 10, ಬಟನ್ 8. ಅರ್ಹತಾ ಸುತ್ತುಗಳಲ್ಲಂತೂ ಹ್ಯಾಮಿಲ್ಟನ್ ಬಹಳ ಮುಂದೆ. ಒಂದೇ ತಂಡ, ಅದೇ ಇಬ್ಬರು, ಅದೇ 58 ರೇಸು. ಯಾವ ಕಂಬದಿಂದ ಅಳೆಯಲು ಶುರು ಮಾಡುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಇನ್ನು ಆ 15 ಪಾಯಿಂಟಿನ ಅಂತರದೊಳಗೆ ಏನೇನಿದೆ ಎಂದು ನೋಡಿ. 2012ರಲ್ಲಿ ಸಿಂಗಪುರದಲ್ಲೂ ಅಬುಧಾಬಿಯಲ್ಲೂ ಹ್ಯಾಮಿಲ್ಟನ್ ಮುಂಚೂಣಿಯಲ್ಲಿದ್ದಾಗ ಕಾರು ಕೈಕೊಟ್ಟಿತು. ಅದು ಅವನ ತಪ್ಪಲ್ಲ. 2011ರಲ್ಲಿ ಅವನು ಮತ್ತೆ ಮತ್ತೆ ಫೆಲಿಪೆ ಮಸ್ಸಾನ ಕಾರಿಗೆ ತಾಗಿಸಿಕೊಂಡು ಪಾಯಿಂಟು ಕಳೆದುಕೊಂಡ. ಅದರಲ್ಲಿ ಅವನ ಪಾಲೂ ಇತ್ತು. ಅದೇ ವರ್ಷ ಬಟನ್ ಟೈರು ಉಳಿಸಿ, ತಾಳ್ಮೆಯಿಂದ ಓಡಿಸಿ, ಮಳೆ ಬಂದಾಗ ಸರಿಯಾದ ಹೊತ್ತಿಗೆ ಟೈರು ಬದಲಿಸಿ ಗೆದ್ದ. ಅದು ಅವನ ಹಿರಿಮೆ. ಯಂತ್ರದ ಸೋಲು, ಮನುಷ್ಯನ ಎಡವಟ್ಟು, ಇನ್ನೊಬ್ಬನ ಜಾಣತನ, ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕದಡಿದ ಮೇಲೆ ಬಂದದ್ದು ಆ 15. ಅದನ್ನು ತೋರಿಸಿ ‘ನೋಡಿ, ಬಟನ್ ಸೋಲಿಸಿಬಿಟ್ಟ’ ಎನ್ನುವವನಿಗೂ ‘ಹ್ಯಾಮಿಲ್ಟನ್‌ಗೆ ಬರೀ ದುರದೃಷ್ಟ’ ಎನ್ನುವವನಿಗೂ ನಾನು ಒಂದೇ ಮಾತು ಹೇಳುತ್ತೇನೆ: ನೀವು ಪಾತ್ರೆಯ ತಳ ನೋಡಿಲ್ಲ.

ಪಟ್ಟಿಯ ಹಿಂದೆ ನಿಯಮವೂ ಕೂತಿರುತ್ತದೆ. 1988ರಲ್ಲಿ ಮೆಕ್ಲಾರೆನ್ ಹೋಂಡಾ ತಂಡ 16 ರೇಸುಗಳಲ್ಲಿ 15 ಗೆದ್ದಿತು. ಐರ್ಟನ್ ಸೆನ್ನಾ 8, ಅಲೈನ್ ಪ್ರಾಸ್ಟ್ 7. ವರ್ಷವಿಡೀ ಗಳಿಸಿದ ಪಾಯಿಂಟು ಪ್ರಾಸ್ಟ್‌ನದು 105, ಸೆನ್ನಾನದು 94. ಚಾಂಪಿಯನ್ ಆದವನು ಸೆನ್ನಾ! ಏಕೆಂದರೆ ಅಂದಿನ ನಿಯಮದಲ್ಲಿ ಒಬ್ಬ ಚಾಲಕನ ಅತ್ಯುತ್ತಮ 11 ಫಲಿತಾಂಶಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಹಾಗೆ ಹಿಡಿದಾಗ ಸೆನ್ನಾ 90, ಪ್ರಾಸ್ಟ್ 87. ನಿಯಮ ಇಬ್ಬರಿಗೂ ಮೊದಲೇ ಗೊತ್ತಿತ್ತು, ಅದರಲ್ಲಿ ಅನ್ಯಾಯವೇನಿಲ್ಲ. ಆದರೆ ಅದೇ ಓಟಗಳನ್ನು ಇನ್ನೊಂದು ನಿಯಮದಲ್ಲಿ ಎಣಿಸಿದ್ದರೆ ‘ಸೆನ್ನಾ ತನ್ನ ಮೊದಲ ವರ್ಷದಲ್ಲೇ ಪ್ರಾಸ್ಟ್‌ನನ್ನು ಮುಗಿಸಿದ’ ಎಂಬ ಪ್ರಸಿದ್ಧ ವಾಕ್ಯವೇ ಹುಟ್ಟುತ್ತಿರಲಿಲ್ಲ. ಅದಕ್ಕೂ ನಾಲ್ಕು ವರ್ಷ ಹಿಂದೆ ಇದೇ ಪ್ರಾಸ್ಟ್ ಇದೇ ತಂಡದಲ್ಲಿ ನಿಕಿ ಲೌಡಾನ ಜೊತೆಗಾರನಾಗಿದ್ದ. 1984ರಲ್ಲಿ ಪ್ರಾಸ್ಟ್ 7 ರೇಸು ಗೆದ್ದ, ಲೌಡಾ 5. ಚಾಂಪಿಯನ್ ಲೌಡಾ. ಅಂತರ ಅರ್ಧ ಪಾಯಿಂಟು: 72, ಎಪ್ಪತ್ತೊಂದೂವರೆ. ಆ ವರ್ಷ ಮೊನಾಕೊದಲ್ಲಿ ಮಳೆಗೆ ರೇಸು ಅರ್ಧಕ್ಕೆ ನಿಂತು, ಗೆದ್ದ ಪ್ರಾಸ್ಟ್‌ಗೆ 9ರ ಬದಲು ನಾಲ್ಕೂವರೆ ಪಾಯಿಂಟು ಸಿಕ್ಕಿತ್ತು. ಒಂದು ಮಧ್ಯಾಹ್ನದ ಮಳೆಯನ್ನು ಲೌಡಾನ ಪ್ರತಿಭೆಯ ಖಾತೆಗೆ ಜಮಾ ಮಾಡುವುದು ಹೇಗೆ? ಪ್ರಾಸ್ಟ್‌ನ ಖಾತೆಯಿಂದ ಕಳೆಯುವುದಾದರೂ ಹೇಗೆ?

ಇದಕ್ಕಿಂತ ತಮಾಷೆಯದು ಸರಪಳಿ ಲೆಕ್ಕ. ಕ ಎಂಬವನು ಖ ಎಂಬವನನ್ನು ಸೋಲಿಸಿದ, ಖ ಎಂಬವನು ಗ ಎಂಬವನನ್ನು ಸೋಲಿಸಿದ, ಆದ್ದರಿಂದ ಕ ದೊಡ್ಡವನು. ಜೊತೆಗಾರರ ಹೋಲಿಕೆಯನ್ನು ನೆಚ್ಚಿದವರೆಲ್ಲ ಕೊನೆಗೆ ಇಲ್ಲಿಗೇ ಬರುತ್ತಾರೆ, ಏಕೆಂದರೆ ಬೇರೆ ಬೇರೆ ತಂಡದವರನ್ನು ಜೋಡಿಸಲು ಅವರಿಗೆ ಬೇರೆ ದಾರಿಯಿಲ್ಲ. ಸರಿ, ಜೋಡಿಸೋಣ. ಸೆಬಾಸ್ಟಿಯನ್ ವೆಟಲ್ 2010ರಿಂದ 2013ರವರೆಗೆ ಸಾಲಾಗಿ ನಾಲ್ಕು ಸಲ ಚಾಂಪಿಯನ್. 2014ರಲ್ಲಿ ಅವನ ರೆಡ್ ಬುಲ್ ತಂಡಕ್ಕೆ ಡೇನಿಯಲ್ ರಿಕಾರ್ಡೊ ಬಂದ. ಆ ವರ್ಷ ರಿಕಾರ್ಡೊ ಮೂರು ರೇಸು ಗೆದ್ದು 238 ಪಾಯಿಂಟು ಗಳಿಸಿದ. ವೆಟಲ್ ಒಂದೂ ಗೆಲ್ಲದೆ 167ಕ್ಕೆ ನಿಂತ. 2015ರಲ್ಲಿ ವೆಟಲ್ ಜಾಗಕ್ಕೆ ಡ್ಯಾನಿಲ್ ಕ್ವ್ಯಾಟ್ ಬಂದ. ವರ್ಷದ ಕೊನೆಗೆ ಕ್ವ್ಯಾಟ್ 95, ರಿಕಾರ್ಡೊ 92. ಸರಪಳಿ ಪೂರ್ತಿಯಾಯಿತು: ಕ್ವ್ಯಾಟ್ ರಿಕಾರ್ಡೊಗಿಂತ ಮೇಲು, ರಿಕಾರ್ಡೊ ವೆಟಲ್‌ಗಿಂತ ಮೇಲು, ಆದ್ದರಿಂದ ಕ್ವ್ಯಾಟ್ ನಾಲ್ಕು ಸಲದ ಚಾಂಪಿಯನ್‌ಗಿಂತ ಮೇಲು. ಇದನ್ನು ಗಟ್ಟಿಯಾಗಿ ಹೇಳುವ ಧೈರ್ಯ ಯಾರಿಗಿದೆ? ಕ್ವ್ಯಾಟ್ 2016ರಲ್ಲಿ ನಾಲ್ಕೇ ರೇಸಿನ ನಂತರ ಆ ಸೀಟು ಕಳೆದುಕೊಂಡ. ವೆಟಲ್ ಅಷ್ಟರಲ್ಲಿ ಫೆರಾರಿಗೆ ಹೋಗಿ 2015ರಲ್ಲೇ ಮೂರು ರೇಸು ಗೆದ್ದಿದ್ದ. ರಿಕಾರ್ಡೊ ಮುಂದೆ ಮೆಕ್ಲಾರೆನ್‌ಗೆ ಹೋದಾಗ 2022ರಲ್ಲಿ ಲ್ಯಾಂಡೊ ನಾರಿಸ್ 122 ಪಾಯಿಂಟು ಗಳಿಸಿದರೆ ಇವನು 37. ಸರಪಳಿಯ ಪ್ರತಿ ಕೊಂಡಿಯೂ ನಿಜ. ಸರಪಳಿ ಮಾತ್ರ ಸುಳ್ಳು.

ಯಾಕೆ ಹೀಗಾಗುತ್ತದೆ? ವೆಟಲ್‌ನ ವಿಷಯದಲ್ಲಿ ಕಾರಣ ಕಾರಿನ ಹಿಂಭಾಗದಲ್ಲಿದೆ. ಅವನು ಗೆಲ್ಲುತ್ತಿದ್ದ ವರ್ಷಗಳಲ್ಲಿ ರೆಡ್ ಬುಲ್ ಎಂಜಿನಿಯರುಗಳು ಎಂಜಿನ್ನಿನ ಹೊಗೆಗಾಳಿಯನ್ನೇ ಕಾರಿನ ಹಿಂಭಾಗದ ನೆಲದತ್ತ ಹರಿಸಿ, ಹಿಂದಿನ ಟೈರು ರಸ್ತೆಗೆ ಅಂಟಿಕೊಳ್ಳುವಂತೆ ಮಾಡಿದ್ದರು. ಆ ಹಿಡಿತವನ್ನು ನಂಬಿ ತಿರುವಿನಲ್ಲಿ ಬೇಗ ಆಕ್ಸಿಲರೇಟರ್ ಒತ್ತುವ ಕಲೆಯನ್ನು ವೆಟಲ್ ಮೈಗೂಡಿಸಿಕೊಂಡಿದ್ದ. 2014ರಲ್ಲಿ ನಿಯಮ ಬದಲಾಯಿತು, ಎಂಜಿನ್ ಬದಲಾಯಿತು, ಹೊಗೆಕೊಳವೆಯ ಜಾಗ ಬದಲಾಯಿತು. ಹಿಂಭಾಗ ಸಡಿಲವಾಯಿತು. ಅವನ ಕಲೆಗೆ ಆಧಾರವಾಗಿದ್ದ ನೆಲವೇ ಹೋಯಿತು. ರಿಕಾರ್ಡೊಗೆ ಮರೆಯಬೇಕಾದ ಅಭ್ಯಾಸ ಕಡಿಮೆ ಇತ್ತು. ಇದು ವೆಟಲ್ ಪರವಾದ ವಕಾಲತ್ತಲ್ಲ. ಹೊಸ ಕಾರಿಗೆ ಬೇಗ ಹೊಂದಿಕೊಳ್ಳುವುದೂ ಒಂದು ಸಾಮರ್ಥ್ಯ, ಅದರಲ್ಲಿ ಆ ವರ್ಷ ರಿಕಾರ್ಡೊ ಗೆದ್ದ. ಆದರೆ ಸಾಮರ್ಥ್ಯ ಎಂಬುದು ಒಂದೇ ದ್ರವ್ಯವಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಈಗ ‘ಒಂದೇ ಕಾರು’ ಎಂಬ ಮಾತಿಗೇ ಬರುತ್ತೇನೆ. ಎರಡು ಕಾರುಗಳ ನಕ್ಷೆ ಒಂದೇ ಇರಬಹುದು. ಆ ನಕ್ಷೆ ಯಾರ ಅಳತೆಗೆ ಬರೆದದ್ದು? ಒಂದೇ ದರ್ಜಿ, ಒಂದೇ ಬಟ್ಟೆ, ಅಳತೆ ಮಾತ್ರ ಒಬ್ಬನದು ಎಂದರೆ ಇನ್ನೊಬ್ಬನ ಮೈಮೇಲೆ ಅಂಗಿ ಜೋತುಬಿದ್ದದ್ದಕ್ಕೆ ಅವನ ಭುಜವನ್ನು ಬೈಯುವುದೇ? ಮ್ಯಾಕ್ಸ್ ವರ್ಸ್ಟಾಪೆನ್‌ಗೆ ಬೇಕಾದದ್ದು ಮುಂದಿನ ಟೈರು ಥಟ್ಟನೆ ಕಚ್ಚಿ ತಿರುಗುವ ಕಾರು. ಅದರಿಂದ ಹಿಂಭಾಗ ಜಾರುವಂತಾದರೂ ಅವನು ಹಿಡಿದು ನಿಲ್ಲಿಸಬಲ್ಲ. ಹೆಚ್ಚಿನವರಿಗೆ ಅದು ಆಗದು. 2019ರಿಂದ 2025ರವರೆಗೆ ಅವನ ಪಕ್ಕದ ಸೀಟಿನಲ್ಲಿ ಪಿಯರೆ ಗ್ಯಾಸ್ಲಿ, ಅಲೆಕ್ಸ್ ಆಲ್ಬನ್, ಸೆರ್ಗಿಯೊ ಪೆರೆಜ್, ಲಿಯಾಮ್ ಲಾಸನ್, ಯೂಕಿ ಸುನೋಡಾ, ಹೀಗೆ ಐವರು ಬಂದು ಹೋದರು. ಗ್ಯಾಸ್ಲಿಗೆ 12 ರೇಸು ಕೊಟ್ಟು ಕಿರಿಯ ತಂಡಕ್ಕೆ ಇಳಿಸಿದರು. ಮರುವರ್ಷ ಆ ಕಿರಿಯ ತಂಡದ ಕಾರಿನಲ್ಲೇ ಅವನು ಮೊಂಜಾದಲ್ಲಿ ಗೆದ್ದ. ಲಾಸನ್‌ಗೆ ಸಿಕ್ಕದ್ದು ಎರಡೇ ರೇಸು. ಎರಡು! ನಮ್ಮೂರ ಹೋಟೆಲಿನಲ್ಲಿ ಹೊಸ ಅಡುಗೆಯವನಿಗೂ ಒಂದು ತಿಂಗಳಾದರೂ ಕೊಡುತ್ತಾರೆ.

ಪೆರೆಜ್‌ನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಒಡೆತನದಲ್ಲಿದ್ದ ಫೋರ್ಸ್ ಇಂಡಿಯಾ ತಂಡದಲ್ಲಿ ಅವನು ಓಡಿಸಿದ್ದನ್ನು ಇಲ್ಲಿಯ ಹಲವರು ನೆನಪಿಟ್ಟಿರಬಹುದು. ಅಲ್ಲಿ ಅವನು ನಿಕೊ ಹುಲ್ಕೆನ್‌ಬರ್ಗ್‌ಗಿಂತ 2015ರಲ್ಲೂ 2016ರಲ್ಲೂ ಹೆಚ್ಚು ಪಾಯಿಂಟು ಗಳಿಸಿದ. ರೆಡ್ ಬುಲ್‌ಗೆ ಬಂದು ಐದು ರೇಸು ಗೆದ್ದ. 2023ರ ಮೊದಲ ನಾಲ್ಕು ರೇಸುಗಳಲ್ಲಿ ವರ್ಸ್ಟಾಪೆನ್ ಎರಡು, ಪೆರೆಜ್ ಎರಡು. ಐದನೆಯದು ಮಿಯಾಮಿ. ಅಲ್ಲಿ ಪೆರೆಜ್ ಪೋಲ್‌ನಲ್ಲಿ, ವರ್ಸ್ಟಾಪೆನ್ ಒಂಬತ್ತನೇ ಸ್ಥಾನದಲ್ಲಿ. ಗೆದ್ದವನು ವರ್ಸ್ಟಾಪೆನ್. ಅಲ್ಲಿಂದ ಮುಂದೆ ಪೆರೆಜ್ ಆ ವರ್ಷ ಒಂದೂ ಗೆಲ್ಲಲಿಲ್ಲ. ವರ್ಸ್ಟಾಪೆನ್ 22ರಲ್ಲಿ 19 ಗೆದ್ದು 575 ಪಾಯಿಂಟು ಗಳಿಸಿದ, ಪೆರೆಜ್ 285. ಮಿಯಾಮಿಯ ಓಟ ವರ್ಸ್ಟಾಪೆನ್ ಎಂಥ ಚಾಲಕ ಎಂಬುದಕ್ಕೆ ಸಾಕ್ಷಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಐವರು ಒಬ್ಬರಾದ ಮೇಲೊಬ್ಬರು ಒಂದೇ ಸೀಟಿನಲ್ಲಿ ಮುಗ್ಗರಿಸಿದರೆ ಆ ಸೀಟಿನ ಬಗ್ಗೆಯೂ ಒಂದು ಪ್ರಶ್ನೆ ಕೇಳಬೇಡವೇ? ಐವರೂ ಅಯೋಗ್ಯರು ಎನ್ನುವುದು ಸುಲಭ. ಆ ಕಾರು ಒಬ್ಬನಿಗಷ್ಟೇ ಒಗ್ಗುವಷ್ಟು ಇಕ್ಕಟ್ಟಾಗುತ್ತ ಹೋಯಿತು ಎನ್ನಲು ಸ್ವಲ್ಪ ಯೋಚಿಸಬೇಕು.

ಕಾರಿನ ಭಾಗಗಳೂ ಯಾವಾಗಲೂ ಇಬ್ಬರಿಗೆ ಸಮನಾಗಿ ಬರುವುದಿಲ್ಲ. 2010ರ ಸಿಲ್ವರ್‌ಸ್ಟೋನ್ ರೇಸಿಗೆ ರೆಡ್ ಬುಲ್ ಹೊಸ ಮಾದರಿಯ ಮುಂಭಾಗದ ರೆಕ್ಕೆಗಳನ್ನು ತಂದಿತ್ತು, ಇಬ್ಬರಿಗೆ ಒಂದೊಂದು. ವೆಟಲ್‌ನದು ಹಾಳಾಯಿತು. ತಂಡದವರು ಮಾರ್ಕ್ ವೆಬರ್‌ನ ಕಾರಿನ ರೆಕ್ಕೆ ಬಿಚ್ಚಿ ವೆಟಲ್‌ಗೆ ಕಟ್ಟಿದರು. ವೆಟಲ್ ಪೋಲ್ ಪಡೆದ, ವೆಬರ್ ಎರಡನೆಯವನಾದ. ಮರುದಿನ ರೇಸನ್ನು ವೆಬರ್ ಗೆದ್ದು, ಎರಡನೇ ನಂಬರಿನ ಚಾಲಕನಿಗೆ ಇದು ಪರವಾಗಿಲ್ಲ ಎಂಬರ್ಥದ ಮಾತನ್ನು ರೇಡಿಯೊದಲ್ಲಿ ಹೇಳಿದ್ದು ಇಂದಿಗೂ ಪ್ರಸಿದ್ಧ. ಆದರೆ ಆ ಶನಿವಾರದ ಪಟ್ಟಿ ತೆಗೆದು ನೋಡಿ. ವೆಟಲ್ 1, ವೆಬರ್ 2 ಎಂದಷ್ಟೇ ಇರುತ್ತದೆ. ರೆಕ್ಕೆಯ ಸುದ್ದಿ ಇರುವುದಿಲ್ಲ.

ಟೈರು ಬದಲಿಸುವ ಪಿಟ್ ಸ್ಟಾಪ್‌ನಲ್ಲೂ ಹೀಗೆಯೇ. ತಂಡಕ್ಕೆ ಇರುವುದು ಒಂದೇ ಸಿಬ್ಬಂದಿ. ಇಬ್ಬರನ್ನೂ ಒಂದೇ ಕ್ಷಣದಲ್ಲಿ ಕರೆಯಲಾಗದು. ಮೊದಲು ಒಳಬಂದವನು ಹೊಸ ಟೈರಿನಲ್ಲಿ ವೇಗ ಪಡೆದು, ಹಿಂದೆ ಉಳಿದ ಜೊತೆಗಾರನನ್ನು ಟ್ರ್ಯಾಕಿನ ಮೇಲೆ ದಾಟದೆಯೇ ದಾಟಿಬಿಡಬಹುದು. 2024ರ ಹಂಗೆರಿಯಲ್ಲಿ ಮೆಕ್ಲಾರೆನ್ ಹಿಂದಿದ್ದ ನಾರಿಸ್‌ನನ್ನು ಮೊದಲು ಕರೆಯಿತು. ಅವನು ಆಸ್ಕರ್ ಪಿಯಾಸ್ಟ್ರಿಯ ಮುಂದೆ ಬಂದ. ಆಮೇಲೆ ‘ಜಾಗ ಬಿಟ್ಟುಕೊಡು’ ಎಂದು ರೇಡಿಯೊದಲ್ಲಿ ಸುತ್ತು ಸುತ್ತಿಗೂ ಬೇಡಿಕೊಳ್ಳಬೇಕಾಯಿತು. ಕೊನೆಗೆ ಅವನು ಬಿಟ್ಟ, ಪಿಯಾಸ್ಟ್ರಿ ತನ್ನ ಮೊದಲ ಗೆಲುವು ಕಂಡ. 2025ರ ಮೊಂಜಾದಲ್ಲಿ ತಿರುವುಮುರುವು. ನಾರಿಸ್‌ನ ಪಿಟ್ ಸ್ಟಾಪ್ ನಿಧಾನವಾಗಿ ಪಿಯಾಸ್ಟ್ರಿ ಮುಂದೆ ಬಂದ, ತಂಡ ಹೇಳಿದ ಮೇಲೆ ಜಾಗ ಹಿಂದಿರುಗಿಸಿದ. ಈ ಎರಡು ರೇಸುಗಳಲ್ಲಿ ಯಾರು ಯಾರಿಗಿಂತ ಸಮರ್ಥ? ಪಟ್ಟಿಯಲ್ಲಿ ಉತ್ತರವಿದೆ. ಆದರೆ ಆ ಉತ್ತರವನ್ನು ಬರೆದದ್ದು ಪಿಟ್ ಗೋಡೆಯ ಮೇಲೆ ಕುಳಿತವರು.

ಇಲ್ಲಿಗೆ ಬಂದಾಗ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ಈ ಆಟದ ಚರಿತ್ರೆಯಲ್ಲಿ ಎಷ್ಟೋ ಜನ ಎರಡನೆಯವರು ಸೋತದ್ದಲ್ಲ, ಸೋಲಿಸಲ್ಪಟ್ಟವರು. 1956ರಲ್ಲಿ ಮೊಂಜಾದ ಕೊನೆಯ ರೇಸು. ಫೆರಾರಿಯ ಹಿರಿಯ ಹುವಾನ್ ಮ್ಯಾನುಯೆಲ್ ಫಾಂಗಿಯೊನ ಕಾರು ಕೆಟ್ಟಿತು. ಅಂದಿನ ನಿಯಮದಲ್ಲಿ ಒಬ್ಬ ಇನ್ನೊಬ್ಬನಿಗೆ ಕಾರು ಬಿಟ್ಟುಕೊಟ್ಟು ಪಾಯಿಂಟು ಹಂಚಿಕೊಳ್ಳಬಹುದಿತ್ತು. ಜೊತೆಗಾರ ಪೀಟರ್ ಕಾಲಿನ್ಸ್‌ಗೆ ಆಗ 24 ವರ್ಷ. ತಾನೇ ಚಾಂಪಿಯನ್ ಆಗುವ ಅವಕಾಶ ಇನ್ನೂ ಉಳಿದಿರುವಾಗಲೇ ಅವನು ಪಿಟ್‌ಗೆ ಬಂದು ಕಾರಿನಿಂದಿಳಿದು ಫಾಂಗಿಯೊಗೆ ಕೊಟ್ಟ. ಫಾಂಗಿಯೊ ಚಾಂಪಿಯನ್ ಆದ. ಕಾಲಿನ್ಸ್ ಮುಂದೆ ಎಂದೂ ಚಾಂಪಿಯನ್ ಆಗಲಿಲ್ಲ, 1958ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ರೇಸು ಓಡಿಸುವಾಗ ತೀರಿಕೊಂಡ. ಕಾಲಿನ್ಸ್‌ನದು ಸ್ವಂತ ಔದಾರ್ಯ ಎನ್ನಬಹುದು. ರೂಬೆನ್ಸ್ ಬ್ಯಾರಿಕೆಲ್ಲೊಗೆ ಆ ಆಯ್ಕೆಯೂ ಇರಲಿಲ್ಲ. 2002ರ ಆಸ್ಟ್ರಿಯಾದಲ್ಲಿ ಪೋಲ್ ಅವನದು, ರೇಸಿನ ಮುಂಚೂಣಿ ಅವನದು. ತಂಡದ ಆಜ್ಞೆಯಂತೆ ಕೊನೆಯ ಗೆರೆಯ ಮುಂದೆ ವೇಗ ಇಳಿಸಿ ಮೈಕೆಲ್ ಶುಮಾಕರ್‌ನನ್ನು ಮುಂದೆ ಬಿಟ್ಟ. ನೆರೆದ ಜನ ಕೂಗಿ ಧಿಕ್ಕರಿಸಿದರು. ಮುಜುಗರಪಟ್ಟ ಶುಮಾಕರ್ ವೇದಿಕೆಯ ಮೇಲಿನ ಮೆಟ್ಟಿಲಿಗೆ ಬ್ಯಾರಿಕೆಲ್ಲೊನನ್ನು ತಳ್ಳಿದ. ಆ ವರ್ಷದ ಪಟ್ಟಿ ಹೇಳುವುದು ಇಷ್ಟೇ: ಶುಮಾಕರ್ 144, ಬ್ಯಾರಿಕೆಲ್ಲೊ 77.

2009ರ ಜುಲೈ 25ರಂದು ಹಂಗೆರಿಯ ಅರ್ಹತಾ ಸುತ್ತಿನಲ್ಲಿ ಮುಂದಿನ ಕಾರಿನಿಂದ ಕಳಚಿದ ಸ್ಪ್ರಿಂಗೊಂದು ಫೆಲಿಪೆ ಮಸ್ಸಾನ ತಲೆಗೆ ಬಡಿದು ಅವನು ಸಾವಿನ ಹತ್ತಿರ ಹೋಗಿ ಬಂದಿದ್ದ. ಸರಿಯಾಗಿ ಒಂದು ವರ್ಷದ ನಂತರ, 2010ರ ಜುಲೈ 25ರಂದು ಹಾಕನ್‌ಹೈಮ್‌ನಲ್ಲಿ ಅವನು ರೇಸಿನ ಮುಂಚೂಣಿಯಲ್ಲಿದ್ದಾಗ, ಹಿಂದಿರುವ ಫರ್ನಾಂಡೊ ಅಲೊನ್ಸೊ ನಿನಗಿಂತ ವೇಗವಾಗಿದ್ದಾನೆ, ಅರ್ಥವಾಯಿತೇ ಎಂದು ಅವನ ಎಂಜಿನಿಯರ್ ರೇಡಿಯೊದಲ್ಲಿ ಹೇಳಿದ. ಅರ್ಥವಾಯಿತು. ದಾರಿ ಬಿಟ್ಟ. ಫೆರಾರಿಗೆ 1 ಲಕ್ಷ ಡಾಲರ್ ದಂಡ ಬಿತ್ತು, ಫಲಿತಾಂಶ ಹಾಗೇ ಉಳಿಯಿತು. 2018ರ ರಷ್ಯಾದ ಸೋಚಿಯಲ್ಲಿ ವಾಲ್ಟೆರಿ ಬೊಟಾಸ್ ಪೋಲ್‌ನಿಂದ ಹೊರಟು, ಆಜ್ಞೆ ಬಂದಾಗ ಹ್ಯಾಮಿಲ್ಟನ್‌ಗೆ ದಾರಿಕೊಟ್ಟ. ಆ ವರ್ಷ ಬೊಟಾಸ್ ಒಂದೂ ರೇಸು ಗೆಲ್ಲಲಿಲ್ಲ ಎಂದು ಅಂಕಿ ಹೇಳುತ್ತದೆ, ಅದು ನಿಜವೂ ಹೌದು. ಆ ನಿಜವನ್ನು ಹೇಳಿ ಸೋಚಿಯನ್ನು ಹೇಳದವನನ್ನು ನಾನು ಪ್ರಾಮಾಣಿಕ ಎನ್ನಲಾರೆ.

ಈಗ ಎದುರಿನವರ ವಾದ. ‘ಹಾಗಾದರೆ ಎಲ್ಲವೂ ನೆಪವೇ? ಯಾರೂ ಯಾರಿಗಿಂತಲೂ ಮೇಲಲ್ಲವೇ?’ ಇದು ಸರಿಯಾದ ಪ್ರಶ್ನೆ, ಜಾರಿಕೊಳ್ಳುವುದಿಲ್ಲ. ಹೋಲಿಕೆ ಬೇಡ ಎಂದು ನಾನು ಹೇಳುತ್ತಿಲ್ಲ. ಏನನ್ನು ಹೋಲಿಸುತ್ತಿದ್ದೀರಿ ಎಂದು ಹೆಸರಿಡಿ ಎನ್ನುತ್ತಿದ್ದೇನೆ. ಸೆನ್ನಾ ಪ್ರಾಸ್ಟ್ ಜೊತೆಗಿದ್ದ ಎರಡು ವರ್ಷಗಳಲ್ಲಿ 1988ರಲ್ಲಿ 13 ಪೋಲ್ ಪಡೆದ, 1989ರಲ್ಲಿ ಮತ್ತೆ 13. ಪ್ರಾಸ್ಟ್‌ಗೆ ಸಿಕ್ಕದ್ದು ಎರಡು ಮತ್ತು ಎರಡು. 1988ರ ಮೊನಾಕೊದಲ್ಲಿ ಅಂತರ ಸುಮಾರು 1.4 ಸೆಕೆಂಡು. ಈ ಆಟದಲ್ಲಿ ಅದು ಒಂದು ಯುಗ. ಇಷ್ಟು ಸಲ, ಇಷ್ಟು ಅಂತರದಲ್ಲಿ, ಎರಡು ಬೇರೆ ಬೇರೆ ಕಾರುಗಳಲ್ಲಿ ಮರುಕಳಿಸಿದ್ದು ಆಕಸ್ಮಿಕವಲ್ಲ. ಒಂದು ಸುತ್ತಿನ ಶುದ್ಧ ವೇಗದಲ್ಲಿ ಸೆನ್ನಾ ಪ್ರಾಸ್ಟ್‌ಗಿಂತ ಮೇಲು ಎಂದು ನಾನು ಧೈರ್ಯವಾಗಿ ಬರೆಯುತ್ತೇನೆ. ಆದರೆ ಅದೇ ಮೊನಾಕೊದ ರೇಸಿನಲ್ಲಿ ಬಹಳ ದೂರ ಮುಂದಿದ್ದ ಸೆನ್ನಾ ಯಾರ ಒತ್ತಡವೂ ಇಲ್ಲದೆ ಗೋಡೆಗೆ ಗುದ್ದಿದ, ಗೆದ್ದವನು ಪ್ರಾಸ್ಟ್. ರೇಸನ್ನು ಮನೆಗೆ ತಲುಪಿಸುವುದು ಇನ್ನೊಂದು ವಿದ್ಯೆ. ಎರಡನ್ನೂ ಹೇಳಿದರೆ ಇಬ್ಬರೂ ನಮ್ಮ ಕಣ್ಣೆದುರು ಎದ್ದು ನಿಲ್ಲುತ್ತಾರೆ. ಒಂದನ್ನೇ ಹೇಳಿದರೆ ಒಬ್ಬ ದೇವರಾಗುತ್ತಾನೆ, ಇನ್ನೊಬ್ಬ ಖಳನಾಗುತ್ತಾನೆ.

2016ರ ಮರ್ಸಿಡಿಸ್ ತಂಡ ಇನ್ನೊಂದು ಉದಾಹರಣೆ. ಹ್ಯಾಮಿಲ್ಟನ್ 10 ರೇಸು ಗೆದ್ದ, ನಿಕೊ ರೋಸ್‌ಬರ್ಗ್ 9. ಪಾಯಿಂಟು 380, 385. ಚಾಂಪಿಯನ್ ರೋಸ್‌ಬರ್ಗ್. ಮಲೇಷ್ಯಾದಲ್ಲಿ ಮುಂದಿದ್ದ ಹ್ಯಾಮಿಲ್ಟನ್‌ನ ಎಂಜಿನ್ ಹೊಗೆಯಾಡಿತು, ಅದಿಲ್ಲದಿದ್ದರೆ ಪ್ರಶಸ್ತಿ ಅವನದೇ ಎನ್ನುತ್ತಾರೆ. ಇರಬಹುದು. ಆದರೆ ಮೊಂಜಾದಲ್ಲೂ ಸುಜುಕಾದಲ್ಲೂ ಕೆಟ್ಟದಾಗಿ ಹೊರಟು ಮೊದಲ ಸುತ್ತಿನಲ್ಲೇ ಹಿಂದೆ ಬಿದ್ದವನೂ ಹ್ಯಾಮಿಲ್ಟನ್ನೇ. ರೋಸ್‌ಬರ್ಗ್ ಆ ಪ್ರಶಸ್ತಿ ಪಡೆದ ಐದು ದಿನಕ್ಕೆ ಆಟಕ್ಕೇ ವಿದಾಯ ಹೇಳಿದ. ಆ ಒಂದು ವರ್ಷಕ್ಕೆ ತನ್ನಲ್ಲಿದ್ದುದೆಲ್ಲವನ್ನೂ ಸುರಿದು ಖಾಲಿಯಾಗಿದ್ದ. ರೋಸ್‌ಬರ್ಗ್ ಹ್ಯಾಮಿಲ್ಟನ್‌ಗಿಂತ ದೊಡ್ಡ ಚಾಲಕನೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ಆ ವರ್ಷ ಅವನು ಗೆದ್ದದ್ದು ಅರ್ಹವೇ? ಖಂಡಿತ ಅರ್ಹ. ಈ ಎರಡು ಉತ್ತರಗಳು ಒಟ್ಟಿಗೆ ಬದುಕಬಲ್ಲವು ಎಂದು ಒಪ್ಪದವನಿಗೆ ಈ ಆಟದಲ್ಲಿ ಅರ್ಧ ಮಾತ್ರ ಕಾಣುತ್ತದೆ.

ಇಷ್ಟೆಲ್ಲ ಯಾಕೆ, ಬರೀ ಆಟವಲ್ಲವೇ ಎನ್ನಬಹುದು. ನೋಡುವವರಿಗೆ ಆಟ, ಸೀಟಿನಲ್ಲಿ ಕುಳಿತವನಿಗೆ ಬದುಕು. ಬೆಂಗಳೂರಿನ ಕುಶ್ ಮೈನಿಯನ್ನೇ ನೋಡಿ. ಫಾರ್ಮುಲಾ ಒನ್‌ಗೆ ಒಂದು ಮೆಟ್ಟಿಲು ಕೆಳಗಿರುವ ಫಾರ್ಮುಲಾ ಟುನಲ್ಲಿ 2024ರಲ್ಲಿ ಅವನು ಇನ್ವಿಕ್ಟಾ ತಂಡಕ್ಕೆ ಓಡಿಸಿದ. ಜೊತೆಗಾರ ಬ್ರೆಜಿಲ್‌ನ ಗೇಬ್ರಿಯಲ್ ಬೊರ್ಟೊಲೆಟೊ ಆ ವರ್ಷ ಚಾಂಪಿಯನ್ ಆಗಿ ಫಾರ್ಮುಲಾ ಒನ್‌ಗೆ ಏರಿದ. ಕುಶ್ ಮೊದಲ ಹತ್ತರೊಳಗೂ ಬರಲಿಲ್ಲ. ಮರುವರ್ಷ ತಂಡ ಬದಲಿಸಿ ಮೊನಾಕೊದ ಸ್ಪ್ರಿಂಟ್ ರೇಸು ಗೆದ್ದ. ಇದರಿಂದ ಕುಶ್ ಬೊರ್ಟೊಲೆಟೊಗಿಂತ ಮೇಲೆಂದು ಸಾಧಿಸಲು ಹೊರಟರೆ ನಾನು ಇಷ್ಟು ಹೊತ್ತು ಬೈದ ಸರಪಳಿಯನ್ನೇ ಕೈಗೆತ್ತಿಕೊಂಡ ಹಾಗೆ. 2024ರ ಪಟ್ಟಿಯೊಂದನ್ನೇ ಹಿಡಿದು ‘ಅವನ ಹಣೆಬರಹ ಇಷ್ಟೇ’ ಎಂದವರ ಕೈಯಲ್ಲಿ ಇರುವುದೂ ಅದೇ ಸರಪಳಿ ಎಂಬುದಷ್ಟೇ ನನ್ನ ಮಾತು.

ತಂಡಗಳಿಗೆ ಈ ‘ಒಂದೇ ಕಾರು’ ಎಂಬ ಮಾತು ಬಹಳ ಅನುಕೂಲ ಎಂಬುದನ್ನೂ ಗಮನಿಸಬೇಕು. ಕಾರು ಒಂದೇ ಎಂದಾದರೆ ಸೋಲಿನ ಹೊಣೆ ಪೂರ್ತಿ ಎರಡನೆಯವನದು. ನಾವು ವಿನ್ಯಾಸವನ್ನು ತಪ್ಪು ದಾರಿಗೆ ಒಯ್ದೆವು, ನಾವು ಇವನನ್ನು ಎರಡನೇ ಸಲ ಪಿಟ್‌ಗೆ ಕರೆದೆವು, ನಾವು ಇವನ ರೆಕ್ಕೆ ಬಿಚ್ಚಿದೆವು ಎಂದು ಹೇಳುವ ಗೋಜಿಲ್ಲ. ಅಂಕಿ ತೋರಿಸಿ ಕೈತೊಳೆದುಕೊಳ್ಳಬಹುದು. ಅಭಿಮಾನಿಗಳಾದ ನಾವು ಅದೇ ಅಂಕಿ ಹಿಡಿದು ಗೆದ್ದೆತ್ತಿನ ಬಾಲ ಹಿಡಿಯುತ್ತೇವೆ. ಅವರ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತೇವೆ.

2025ರ ಚಾಂಪಿಯನ್ನನ ಬಗ್ಗೆ ವಾದ ಇನ್ನೂ ಆರಿಲ್ಲ. ಮೆಕ್ಲಾರೆನ್‌ನ ನಾರಿಸ್ 423 ಪಾಯಿಂಟು ಗಳಿಸಿ ಗೆದ್ದ, ಜೊತೆಗಾರ ಪಿಯಾಸ್ಟ್ರಿ 410. ಇಬ್ಬರೂ ಗೆದ್ದದ್ದು ಏಳೇಳು ರೇಸು. ಆಗಸ್ಟ್ ಕೊನೆಗೆ ಹಾಲೆಂಡಿನ ರೇಸು ಮುಗಿದಾಗ ಪಿಯಾಸ್ಟ್ರಿ 34 ಪಾಯಿಂಟು ಮುಂದಿದ್ದ. ಅಂದು ನಾರಿಸ್‌ನ ಕಾರು ಕೆಟ್ಟು ನಿಂತಿತ್ತು. ಆಮೇಲಿನ ತಿಂಗಳುಗಳಲ್ಲಿ ಪಿಯಾಸ್ಟ್ರಿಯ ಲಯ ತಪ್ಪಿತು, ನಾರಿಸ್‌ನದು ಕೂಡಿಬಂತು. ಯಾರು ಸಮರ್ಥ ಎಂದು ನನ್ನನ್ನು ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಯಾವ ತಿಂಗಳಲ್ಲಿ, ಯಾವ ಟ್ರ್ಯಾಕಿನಲ್ಲಿ, ಅರ್ಹತಾ ಸುತ್ತಿನಲ್ಲೋ ರೇಸಿನಲ್ಲೋ, ತಂಡ ಮೊದಲು ಕರೆದದ್ದು ಯಾರನ್ನು? ಇಷ್ಟಕ್ಕೂ ಉತ್ತರ ಹೇಳಿ ಆಮೇಲೆ ನಾರಿಸ್ ಎನ್ನಿ ಅಥವಾ ಪಿಯಾಸ್ಟ್ರಿ ಎನ್ನಿ, ಕೂತು ಕೇಳುತ್ತೇನೆ, ಜಗಳವನ್ನೂ ಆಡುತ್ತೇನೆ. ಅದನ್ನು ಬಿಟ್ಟು ‘ಒಂದೇ ಕಾರು ಸ್ವಾಮಿ, ಇನ್ನೇನು ಮಾತು’ ಎಂದು ಫೋನಿನಲ್ಲಿ ಎರಡು ಅಂಕಿ ಕಳಿಸುವವರಿಗೆ ಉತ್ತರ ಬರೆಯುವುದನ್ನು ನಾನು ನಿಲ್ಲಿಸಿದ್ದೇನೆ. ನೀವೂ ನಿಲ್ಲಿಸಿ.